ಕೈ ಮೇಲೇಳುತ್ತಿಲ್ಲ: ತೋಟದ ಕೆಲಸ ಮಾಡುವವರ ಭುಜದ ದೋಷ ಪತ್ತೆಹಚ್ಚುವ ಕ್ರಮ

ಅರೇಬಿಕಾ ಕೊಯ್ಲು ಮುಗಿದು, ರೋಬಸ್ಟಾ ಹಣ್ಣು ಕಣಕ್ಕೆ ಬಂದು, ಅದರ ಬೆನ್ನಿಗೇ ಕರಿಮೆಣಸು, ಕಸಿ (ಕಾಫಿ ಗಿಡದ ರೆಂಬೆ ಸವರುವುದು), ಮರಗಸಿ (ನೆರಳು ಮರದ ಕೊಂಬೆ ಕಡಿಯುವುದು) ಶುರುವಾಗುವ ಹೊತ್ತಿಗೆ ಕೊಡಗಿನ ಫಿಸಿಯೋಥೆರಪಿ ಕೊಠಡಿಗಳಲ್ಲಿ ಒಂದೇ ದೂರು ಮತ್ತೆ ಮತ್ತೆ ಕೇಳಿಬರುತ್ತದೆ: "ರಟ್ಟೆ ಸೆಳೀತದೆ, ಕೈ ಮೇಲೇಳ್ತಾ ಇಲ್ಲ." ದೂರು ಒಂದೇ, ಆದರೆ ಅದರ ಹಿಂದಿನ ದೋಷ ಐದಾರು ಬಗೆಯದ್ದು. ಒಂದಕ್ಕೆ ಒಳ್ಳೆಯದಾದ ಚಿಕಿತ್ಸೆ ಇನ್ನೊಂದನ್ನು ಕೆಡಿಸುತ್ತದೆ. ಸ್ನಾಯುರಜ್ಜು (ಸ್ನಾಯುವನ್ನು ಮೂಳೆಗೆ ಕಟ್ಟುವ ಪಟ್ಟಿ) ನೊಂದಿರುವ ಭುಜವನ್ನು ಬಿಗಿದಿದೆ ಎಂದುಕೊಂಡು ಎಳೆದರೆ ನೋವು ತಿಂಗಳುಗಟ್ಟಲೆ ಮುಂದುವರಿಯುತ್ತದೆ. ನಿಜಕ್ಕೂ ಬಿಗಿದುಕೊಂಡಿರುವ ಭುಜಕ್ಕೆ ಬರೀ ವಿಶ್ರಾಂತಿ ಹೇಳಿದರೆ ಅದು ಇನ್ನಷ್ಟು ಬಿಗಿಯುತ್ತದೆ.

ನೋವು ಇರುವ ಜಾಗ ನೋಡಿ ದೋಷ ಹೇಳಲು ಬರುವುದಿಲ್ಲ. ಭುಜದ ಕೀಲಿನ ಸುತ್ತಲಿನ ಹೆಚ್ಚಿನ ಭಾಗಗಳಿಗೆ ಕುತ್ತಿಗೆಯ ಐದನೇ ನರಮೂಲದಿಂದ ಸಂವೇದನೆ ಬರುತ್ತದೆ. ಹಾಗಾಗಿ ಕೀಲಿನೊಳಗೆ ಏನೇ ಆದರೂ ರೋಗಿ ಕೈ ಇಡುವುದು ರಟ್ಟೆಯ ಹೊರಬದಿಯ ಮೇಲೆ, ಡೆಲ್ಟಾಯ್ಡ್ ಸ್ನಾಯು ಮೂಳೆಗೆ ಅಂಟುವ ಜಾಗದಲ್ಲಿ. ಅಲ್ಲಿಗೆ ಎಣ್ಣೆ ತಿಕ್ಕಿದರೂ ಬಿಸಿ ಶಾಖ ಕೊಟ್ಟರೂ ದೋಷದ ಜಾಗ ಮುಟ್ಟುವುದಿಲ್ಲ. ದೋಷ ತೋರಿಸಿಕೊಡುವುದು ಚಲನೆ. ಅದರಲ್ಲೂ ಒಂದು ಪ್ರಶ್ನೆ ಎಲ್ಲಕ್ಕಿಂತ ಮುಖ್ಯ: ರೋಗಿ ತಾನೇ ಎತ್ತಿದಾಗ ಬಾರದ ಕೈ, ನಾವು ಎತ್ತಿದಾಗ ಬರುತ್ತದೆಯೇ?

ಮೊದಲು ಹೊರಗಿಡಬೇಕಾದವು

ಪರೀಕ್ಷೆಗೆ ಕೈ ಹಾಕುವ ಮುನ್ನ ಕೆಲವನ್ನು ಕೇಳಿಯೇ ತೀರಬೇಕು. ಎಡಭುಜದ ನೋವಿನ ಜೊತೆ ಎದೆ ಬಿಗಿತ, ಬೆವರು, ಉಸಿರುಗಟ್ಟುವಿಕೆ ಇದ್ದರೆ, ಏರು ಹತ್ತಿದಾಗ ಹೆಚ್ಚಾಗಿ ನಿಂತಾಗ ಕಡಿಮೆಯಾದರೆ, ಅದು ಹೃದಯದ ವಿಷಯ. 108ಕ್ಕೆ ಕರೆ ಮಾಡಿ. ಊಟದ ನಂತರ ಬಲಭುಜದ ತುದಿಯಲ್ಲಿ ಬರುವ, ಕೈ ಆಡಿಸಿದರೂ ಬದಲಾಗದ ನೋವು ಪಿತ್ತಕೋಶದ್ದಿರಬಹುದು. ವಪೆಯ ನರವೂ ಕುತ್ತಿಗೆಯಿಂದಲೇ ಹೊರಡುವುದರಿಂದ ಹೊಟ್ಟೆಯ ಮೇಲ್ಭಾಗದ ತೊಂದರೆ ಭುಜದಲ್ಲಿ ಕಾಣಿಸಿಕೊಳ್ಳುತ್ತದೆ. ಜ್ವರವಿದ್ದು ಕೀಲು ಬಿಸಿಯಾಗಿ ಊದಿದ್ದರೆ, ತೂಕ ಇಳಿಯುತ್ತಿದ್ದರೆ, ಹಿಂದೆ ಕ್ಯಾನ್ಸರ್ ಆಗಿದ್ದರೆ, ಬಹಳ ಕಾಲ ಬೀಡಿ ಸಿಗರೇಟು ಸೇದಿದವರಲ್ಲಿ ಭುಜದ ನೋವಿನ ಜೊತೆಗೆ ಅಂಗೈಯ ಸಣ್ಣ ಸ್ನಾಯುಗಳು ಕರಗಿದ್ದರೆ, ವ್ಯಾಯಾಮ ಹೇಳಿ ಕಳಿಸಬೇಡಿ, ವೈದ್ಯರ ಬಳಿ ಕಳಿಸಿ.

ಏಣಿಯಿಂದ ಅಥವಾ ಮರದಿಂದ ಬಿದ್ದವರಿಗೆ ಎಕ್ಸ್-ರೇ ಆಗದೆ ಯಾವ ಎಳೆತವೂ ಬೇಡ. ಭುಜದ ದುಂಡು ಮಾಯವಾಗಿ ಚಪ್ಪಟೆಯಾಗಿ, ಮುಂದೆ ಗಂಟು ಕಂಡರೆ ಕೀಲು ತಪ್ಪಿದೆ. ಅದನ್ನು ಮನೆಯಲ್ಲಿ ಅಥವಾ ನಾಟಿ ಮೂಳೆವೈದ್ಯರಲ್ಲಿ ಎಳೆಸಿದಾಗ ಜೊತೆಗಿದ್ದ ಸಣ್ಣ ಮುರಿತ ದೊಡ್ಡದಾಗುವ, ಕಂಕುಳಿನ ಬಳಿಯ ಆಕ್ಸಿಲರಿ ನರ ಜಗ್ಗಿಹೋಗುವ ಅಪಾಯವಿದೆ. ಆ ನರಕ್ಕೆ ಪೆಟ್ಟಾಗಿದೆಯೇ ಎಂದು ತಿಳಿಯಲು ರಟ್ಟೆಯ ಹೊರಬದಿಯ ಮೇಲೆ ಹತ್ತಿಯ ಎಳೆ ಸವರಿ, ಎರಡೂ ಬದಿ ಒಂದೇ ಥರ ಗೊತ್ತಾಗುತ್ತದೆಯೇ ಕೇಳಿ.

ಇನ್ನೊಂದು ಅಪಾಯ ಸುಲಭವಾಗಿ ಕಣ್ಣು ತಪ್ಪಿಸಿಕೊಳ್ಳುತ್ತದೆ. ಅಲ್ಯೂಮಿನಿಯಂ ಏಣಿ ಅಥವಾ ದೋಟಿ ವಿದ್ಯುತ್ ತಂತಿಗೆ ತಾಗಿ ಶಾಕ್ ಹೊಡೆಸಿಕೊಂಡು ಬದುಕಿ ಬಂದವರಲ್ಲಿ, ಮೂರ್ಛೆರೋಗದ ಸೆಳೆತ ಬಂದವರಲ್ಲಿ, ಸ್ನಾಯುಗಳೆಲ್ಲ ಒಮ್ಮೆಗೇ ಬಿಗಿದು ಭುಜದ ಕೀಲು ಹಿಂಬದಿಗೆ ತಪ್ಪಿರಬಹುದು. ಹೊರಗಿನಿಂದ ನೋಡಿದರೆ ಏನೂ ಕಾಣದು. ಮುಂದಿನಿಂದ ತೆಗೆದ ಒಂದೇ ಎಕ್ಸ್-ರೇಯಲ್ಲೂ ಸರಿಯಿದೆ ಎಂದೇ ತೋರಬಹುದು. ಇರುವ ಸುಳಿವು ಒಂದೇ: ಕೈ ಹೊರಕ್ಕೆ ತಿರುಗುವುದೇ ಇಲ್ಲ. ಇವರಿಗೆ ಪಕ್ಕದಿಂದ ಅಥವಾ ಕಂಕುಳಿನ ಕಡೆಯಿಂದ ಎರಡನೇ ಎಕ್ಸ್-ರೇ ತೆಗೆಸಲೇಬೇಕು.

ಭುಜದ ಒಳಗೇನಿದೆ

ಭುಜ ಒಂದೇ ಕೀಲಲ್ಲ. ತೋಳೆಲುಬಿನ ದುಂಡು ತಲೆ ಹೆಗಲೆಲುಬಿನ ಆಳವಿಲ್ಲದ ಗುಳಿಯ ಮೇಲೆ ಕೂರುವುದು ಮುಖ್ಯ ಕೀಲು. ಆ ತಲೆಯ ಮೂರನೇ ಒಂದು ಭಾಗದಷ್ಟೇ ಒಂದು ಸಲಕ್ಕೆ ಗುಳಿಗೆ ತಾಗಿರುತ್ತದೆ. ಮೂಳೆ ಹಿಡಿದಿಡದ್ದನ್ನು ಹಿಡಿದಿಡುವುದು ರೊಟೇಟರ್ ಕಫ್ ಎಂಬ ನಾಲ್ಕು ಸ್ನಾಯುಗಳ ಪಟ್ಟಿ: ಮೇಲೆ ಸುಪ್ರಾಸ್ಪೈನೇಟಸ್, ಹಿಂದೆ ಇನ್‌ಫ್ರಾಸ್ಪೈನೇಟಸ್ ಮತ್ತು ಟೆರಿಸ್ ಮೈನರ್, ಮುಂದೆ ಸಬ್‌ಸ್ಕ್ಯಾಪ್ಯುಲಾರಿಸ್. ಡೆಲ್ಟಾಯ್ಡ್ ತೋಳನ್ನು ಮೇಲಕ್ಕೆ ಎಳೆಯುವಾಗ ತಲೆ ಜಾರಿ ಮೇಲೆ ಹೋಗದಂತೆ ಗುಳಿಯ ನಡುವಿಗೆ ಒತ್ತಿ ಹಿಡಿಯುವುದು ಇವುಗಳ ಕೆಲಸ. ತಲೆಯ ಮೇಲೆ ಚಾವಣಿಯ ಹಾಗೆ ಅಕ್ರೋಮಿಯನ್ ಎಂಬ ಮೂಳೆ ಚಾಚಿಕೊಂಡಿದೆ. ಎರಡರ ನಡುವಿನ ಸಂದು ಸುಮಾರು 1 ಸೆಂ.ಮೀ. ಸುಪ್ರಾಸ್ಪೈನೇಟಸ್‌ನ ರಜ್ಜು ಮತ್ತು ಅದರ ಮೇಲಿನ ದ್ರವಚೀಲ ಹಾದುಹೋಗುವುದು ಈ ಸಂದಿನಲ್ಲೇ.

ಕೈ ಪೂರ್ತಿ 180 ಡಿಗ್ರಿ ಮೇಲೇಳಲು ಮುಖ್ಯ ಕೀಲು ಸುಮಾರು 120 ಡಿಗ್ರಿ ಕೊಡುತ್ತದೆ. ಉಳಿದ 60 ಡಿಗ್ರಿ ಹೆಗಲೆಲುಬು ಪಕ್ಕೆಲುಬಿನ ಮೇಲೆ ತಿರುಗಿ ಬರುವಂಥದ್ದು. ಹೆಗಲೆಲುಬನ್ನು ತಿರುಗಿಸುವವು ಟ್ರೆಪೀಜಿಯಸ್ ಮತ್ತು ಸೆರಾಟಸ್ ಆಂಟೀರಿಯರ್ ಎಂಬ ಸ್ನಾಯುಗಳು. ಬೆನ್ನು ಬಾಗಿದ್ದರೆ ಈ ತಿರುಗುವಿಕೆಗೂ ಅಡ್ಡಿ. ನೀವೇ ಗೂನುಬೆನ್ನಾಗಿ ಕುಳಿತು ಕೈ ಎತ್ತಿ, ಆಮೇಲೆ ನೆಟ್ಟಗೆ ಕುಳಿತು ಎತ್ತಿ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ.

ಪರೀಕ್ಷೆಯ ಕ್ರಮ

ಎರಡೂ ಭುಜ, ಬೆನ್ನಿನ ಮೇಲ್ಭಾಗ ಕಾಣುವಂತಿರಬೇಕು. ಹೆಂಗಸರಿಗೆ ಹಿಂದಿನಿಂದ ಸೆರಗು ಸರಿಸಿ ಮುಂದೆ ಟವೆಲ್ ಹೊದಿಸಿದರೆ ಸಾಕು, ಸಂಕೋಚವೂ ಇಲ್ಲ, ಹೆಗಲೆಲುಬೂ ಕಾಣುತ್ತದೆ. ಯಾವುದೇ ಪರೀಕ್ಷೆಯನ್ನು ನೋವಿಲ್ಲದ ಬದಿಯಿಂದ ಶುರುಮಾಡಿ. ಆ ವ್ಯಕ್ತಿಯ ಮಾಮೂಲು ಅಳತೆ ಅದೇ.

ಮೊದಲು ಕುತ್ತಿಗೆ. ತಲೆಯನ್ನು ಹಿಂದಕ್ಕೆ ಬಾಗಿಸಿ ನೋವಿನ ಕಡೆಗೆ ತಿರುಗಿಸಲು ಹೇಳಿ. ರಟ್ಟೆಗೆ, ಅದರಲ್ಲೂ ಮೊಣಕೈ ದಾಟಿ ಹೆಬ್ಬೆರಳಿನವರೆಗೆ ಸೆಳೆತ ಇಳಿದರೆ ದೋಷ ಕುತ್ತಿಗೆಯ ನರಮೂಲದಲ್ಲಿದೆ. ಇನ್ನೊಂದು ಸುಳಿವು: ಅಂಗೈಯನ್ನು ತಲೆಯ ಮೇಲಿಟ್ಟುಕೊಂಡರೆ ಹಾಯೆನಿಸಿದರೆ ಕುತ್ತಿಗೆ, ಹಾಗೆ ಇಡುವಾಗಲೇ ನೋವು ಹೆಚ್ಚಿದರೆ ಭುಜ. ನಡೆಯುವಾಗ ಕಾಲು ತಡವರಿಸಿದರೆ, ಎರಡೂ ಕೈ ಜೋಮು ಹಿಡಿದರೆ ಕುತ್ತಿಗೆಯನ್ನು ಮುಟ್ಟಬೇಡಿ, ಕೂಡಲೇ ಕಳಿಸಿ.

ಎರಡನೆಯದು ಸ್ವಂತ ಚಲನೆ. ಹಿಂದೆ ನಿಂತು, ಎರಡೂ ಕೈಗಳನ್ನು ಪಕ್ಕದಿಂದ ನಿಧಾನ ಮೇಲೆತ್ತಿಸಿ, ಅಷ್ಟೇ ನಿಧಾನ ಇಳಿಸಲು ಹೇಳಿ. 60ರಿಂದ 120 ಡಿಗ್ರಿ ನಡುವೆ ಮಾತ್ರ ನೋವಿದ್ದು ಆಮೇಲೆ ಕಡಿಮೆಯಾದರೆ ಕಫ್ ರಜ್ಜು ಅಥವಾ ದ್ರವಚೀಲ. ಕಡೆಯ 10-20 ಡಿಗ್ರಿಯಲ್ಲಿ, ಅದೂ ಭುಜದ ನೆತ್ತಿಯಲ್ಲಿ ನೋವಾದರೆ ಕಾಲರ್ ಮೂಳೆಯ ತುದಿಯ ಕೀಲು. ಕೈ ಏಳುವ ಮೊದಲೇ ಇಡೀ ಹೆಗಲು ಕಿವಿಯ ಕಡೆ ಎದ್ದರೆ ಕೀಲು ಬಿಗಿದಿದೆ ಅಥವಾ ಕಫ್ ಹರಿದಿದೆ. ಇಳಿಸುವಾಗ ಹೆಗಲೆಲುಬಿನ ಒಳ ಅಂಚು ರೆಕ್ಕೆಯಂತೆ ಎದ್ದುಬಂದರೆ ಸೆರಾಟಸ್.

ಮೂರನೆಯದು ಎಲ್ಲಕ್ಕಿಂತ ಮುಖ್ಯ, ಇದಕ್ಕೆ ಸಮಯ ಕೊಡಿ. ರೋಗಿಯನ್ನು ಮಲಗಿಸಿ, ಮೊಣಕೈ ಪಕ್ಕೆಗೆ ತಾಗಿಸಿ 90 ಡಿಗ್ರಿ ಮಡಿಸಿ. "ಅಕ್ಕ, ಕೈ ಸಡಿಲ ಬಿಡಿ, ನಾನೇ ತಿರುಗಿಸ್ತೇನೆ" ಎಂದು ಹೇಳಿ ಮುಂಗೈಯನ್ನು ಹೊರಕ್ಕೆ ತಿರುಗಿಸಿ. ಇನ್ನೊಂದು ಕೈಯಿಂದ ಹೆಗಲೆಲುಬನ್ನು ಹಿಡಿದಿರಬೇಕು, ಇಲ್ಲದಿದ್ದರೆ ಮೈಯೇ ತಿರುಗಿ ಸುಳ್ಳು ಅಳತೆ ಬರುತ್ತದೆ. ಒಳ್ಳೆಯ ಬದಿ 60 ಡಿಗ್ರಿ ತಿರುಗಿ, ನೋವಿನ ಬದಿ 30ಕ್ಕೂ ಬಾರದೆ ಗಟ್ಟಿ ತಡೆ ಸಿಕ್ಕರೆ ಅದು ಬಿಗಿದ ಕೀಲು. ಎರಡೂ ಸಮ ಬಂದರೆ ಕೀಲು ಬಿಗಿದಿಲ್ಲ. ದೋಷ ಸ್ನಾಯು, ರಜ್ಜು ಅಥವಾ ನರದ್ದು. ಈ ಒಂದು ಅಳತೆ ಬಿಟ್ಟು ಕೈ ಎಷ್ಟು ಎತ್ತರಕ್ಕೆ ಏಳುತ್ತದೆ ಎಂದಷ್ಟೇ ಬರೆದುಕೊಳ್ಳುವುದರಿಂದಲೇ ಭುಜದಲ್ಲಿ ಹೆಚ್ಚಿನ ತಪ್ಪು ನಿರ್ಣಯಗಳಾಗುತ್ತವೆ ಎಂಬುದು ನಮ್ಮ ಖಚಿತ ಅಭಿಪ್ರಾಯ.

ನಾಲ್ಕನೆಯದು ಬಲ. ಮೊಣಕೈ ಪಕ್ಕೆಗೆ ಇಟ್ಟು ಹೊರಕ್ಕೆ ತಳ್ಳಿಸಿ. ಬಲ ಸಾಲದಿದ್ದರೆ ಹಿಂಬದಿಯ ಕಫ್. ಅಂಗೈಯನ್ನು ಹೊಟ್ಟೆಗೆ ಒತ್ತಿಸಿ ಮೊಣಕೈ ಮುಂದೆ ಇಡಲು ಹೇಳಿ. ಮೊಣಕೈ ಹಿಂದಕ್ಕೆ ಜಾರಿದರೆ ಸಬ್‌ಸ್ಕ್ಯಾಪ್ಯುಲಾರಿಸ್. ಕೈಯನ್ನು ಹೊರಕ್ಕೆ ಪೂರ್ತಿ ತಿರುಗಿಸಿ ಅಲ್ಲೇ ಹಿಡಿದುಕೊಳ್ಳಲು ಹೇಳಿ ಬಿಡಿ. ಹಿಡಿಯಲಾಗದೆ ಒಳಕ್ಕೆ ವಾಲಿದರೆ ರಜ್ಜು ಹರಿದಿರುವ ಸಾಧ್ಯತೆ ಹೆಚ್ಚು. ನೋವಿನಿಂದ ಬಿಡುವುದಕ್ಕೂ ಬಲವಿಲ್ಲದೆ ಬೀಳುವುದಕ್ಕೂ ವ್ಯತ್ಯಾಸವಿದೆ. "ನೋವಾಯ್ತಾ, ಇಲ್ಲ ಶಕ್ತಿ ಸಾಲಲಿಲ್ವಾ?" ಎಂದು ಕೇಳಿ, ಹೇಳಿದ್ದನ್ನು ಹಾಗೇ ಬರೆದುಕೊಳ್ಳಿ.

ಕಫ್ ರಜ್ಜುವಿನ ನೋವು

ಲಕ್ಷಣ: ಕೈ ಎತ್ತುವಾಗ ನಡುವಿನ ಕಮಾನಿನಲ್ಲಿ (60ರಿಂದ 120 ಡಿಗ್ರಿ) ನೋವು, ಆ ಬದಿಗೆ ಮಲಗಲಾಗದು, ನಾವು ತಿರುಗಿಸಿದರೆ ಕೈ ಪೂರ್ತಿ ಬರುತ್ತದೆ, ತಳ್ಳಿಸಿದರೆ ನೋವು ಆದರೆ ಬಲವಿದೆ. ತೋಟದ ಕೆಲಸದಲ್ಲಿ ಹೆಚ್ಚು ಸಿಗುವುದು ಇದೇ. ಎತ್ತರ ಬೆಳೆದ ರೋಬಸ್ಟಾ ಗಿಡದ ರೆಕ್ಕೆಯನ್ನು (ಕೊಂಬೆಯನ್ನು) ಒಂದು ಕೈ ಬಗ್ಗಿಸಿ ಹಿಡಿದಿದ್ದರೆ ಇನ್ನೊಂದು ಕೈ ಹಣ್ಣು ಬಿಡಿಸುತ್ತದೆ. ಹಣ್ಣು ಬಿಡಿಸುವ ಕೈಗಿಂತ ಹಿಡಿದ ಕೈಗೇ ಹೆಚ್ಚು ದಣಿವು, ಏಕೆಂದರೆ ಅದು ಭುಜಕ್ಕಿಂತ ಮೇಲೆ ನಿಂತಲ್ಲೇ ಬಿಗಿದಿರುತ್ತದೆ. ಯಾವ ಕೈಯಲ್ಲಿ ಕೊಯ್ಯುತ್ತೀರಿ ಎಂದು ಕೇಳಿದರೆ ಸಾಲದು, ಯಾವ ಕೈಯಲ್ಲಿ ರೆಕ್ಕೆ ಹಿಡಿಯುತ್ತೀರಿ ಎಂದೂ ಕೇಳಿ.

ಮೂಳೆ ಉಜ್ಜಿ ರಜ್ಜು ಸವೆಯುತ್ತದೆ, ಹಾಗಾಗಿ ಮೂಳೆ ಕೆರೆಯಬೇಕು ಎಂಬ ವಿವರಣೆ ಬಹಳ ಕಾಲ ನಡೆಯಿತು. 2018ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಬ್ರಿಟನ್ನಿನ ಅಧ್ಯಯನವೊಂದು ಮೂಳೆ ಕೆರೆದವರನ್ನೂ, ಸಣ್ಣ ಕ್ಯಾಮೆರಾ ನಳಿಕೆ ತೂರಿಸಿ ಒಳಗೆ ನೋಡಿ ಮೂಳೆ ಕೆರೆಯದೆ ಮುಚ್ಚಿದವರನ್ನೂ ಹೋಲಿಸಿತು. ಇಬ್ಬರ ಸುಧಾರಣೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ರಜ್ಜು ಸೋಲುವುದು ತನ್ನ ಶಕ್ತಿಗೆ ಮೀರಿದ ಭಾರ ಒಮ್ಮೆಗೇ ಬಿದ್ದಾಗ. ಒಂಬತ್ತು ತಿಂಗಳು ತಲೆಯ ಮೇಲೆ ಕೈ ಎತ್ತದವರು ಕೊಯ್ಲಿನ ಮೊದಲ ವಾರವೇ ದಿನವಿಡೀ ಎತ್ತಿದರೆ ಹಾಗಾಗುತ್ತದೆ. ಪರಿಹಾರವೂ ಭಾರದಲ್ಲೇ ಇದೆ, ಅಳತೆಯ ಭಾರದಲ್ಲಿ.

ಮೊದಲ ಎರಡು ವಾರ: ಮೊಣಕೈ ಮತ್ತು ಪಕ್ಕೆಯ ನಡುವೆ ಮಡಿಸಿದ ಟವೆಲ್ ಇಟ್ಟು, ಕೈಯ ಹಿಂಬದಿಯಿಂದ ಬಾಗಿಲ ಚೌಕಟ್ಟನ್ನು ಹೊರಕ್ಕೆ ಒತ್ತಬೇಕು. ಅರ್ಧ ಬಲ, 30 ಸೆಕೆಂಡು, 5 ಸಲ, ದಿನಕ್ಕೆ ಎರಡು ಹೊತ್ತು. ಆಮೇಲೆ ಒಳ್ಳೆಯ ಬದಿಗೆ ಮಲಗಿ, ಅರ್ಧ ಲೀಟರ್ ನೀರಿನ ಬಾಟಲಿ ಹಿಡಿದು ಮುಂಗೈ ಎತ್ತಿ ಇಳಿಸುವುದು: 10 ಸಲದ 3 ಸುತ್ತು, ಸುತ್ತಿನ ನಡುವೆ ಒಂದು ನಿಮಿಷ, ದಿನ ಬಿಟ್ಟು ದಿನ. 15 ಸಲ ಸಲೀಸಾಗಿ ಬಂದಾಗ ಒಂದು ಲೀಟರ್. ನಿಂತು ಮಾಡುವುದಾದರೆ ಹಳೆಯ ಸೈಕಲ್ ಟ್ಯೂಬನ್ನು ಸೀಳಿ ಕಿಟಕಿ ಸರಳಿಗೆ ಕಟ್ಟಿದರೂ ನಡೆಯುತ್ತದೆ. ಆರನೇ ವಾರದ ಹೊತ್ತಿಗೆ ಗೋಡೆಗೆ ಮುಂಗೈ ತಾಗಿಸಿ ಮೇಲಕ್ಕೆ ಜಾರಿಸುವುದು, ಗೋಡೆಯನ್ನು ತಳ್ಳಿ ಕಡೆಯಲ್ಲಿ ಹೆಗಲೆಲುಬನ್ನೂ ಮುಂದಕ್ಕೆ ದೂಡುವುದು ಸೇರಬೇಕು. ಒಟ್ಟು 12 ವಾರ. ಮಾಡುವಾಗ ಹತ್ತರಲ್ಲಿ ಮೂರು-ನಾಲ್ಕರಷ್ಟು ನೋವು ಬಂದರೆ ತೊಂದರೆಯಿಲ್ಲ, ಮರುದಿನ ಬೆಳಿಗ್ಗೆಗೆ ಮೊದಲಿನಷ್ಟೇ ಇರಬೇಕು. ಹೆಚ್ಚಾಗಿದ್ದರೆ ಭಾರ ಇಳಿಸಿ, ವ್ಯಾಯಾಮ ನಿಲ್ಲಿಸಬೇಡಿ. ಹೆಚ್ಚಿನವರು ಬಿಡುವುದು ಮೂರನೇ ವಾರದಲ್ಲಿ, ನೋವು ಸ್ವಲ್ಪ ಇಳಿದ ಕೂಡಲೇ. ರಜ್ಜು ಇನ್ನೂ ಗಟ್ಟಿಯಾಗಿರುವುದಿಲ್ಲ, ಮೆಣಸು ಕೊಯ್ಲಿಗೆ ಏಣಿ ಹತ್ತಿದಾಗ ಮತ್ತೆ ಮರುಕಳಿಸುತ್ತದೆ.

ಏನೂ ಪೆಟ್ಟಾಗದೆ ಒಂದೇ ರಾತ್ರಿಯಲ್ಲಿ ಕೈ ಅಲುಗಾಡಿಸಲಾಗದಷ್ಟು ನೋವು ಬಂದರೆ ರಜ್ಜುವಿನಲ್ಲಿ ಸುಣ್ಣ ಕಟ್ಟಿರಬಹುದು, ಎಕ್ಸ್-ರೇಯಲ್ಲಿ ಕಾಣುತ್ತದೆ. ಈ ಹಂತದಲ್ಲಿ ನೋವು ಶಮನ ಮೊದಲು, ವ್ಯಾಯಾಮ ಆಮೇಲೆ.

ಕಫ್ ಹರಿದಿದ್ದರೆ

ಬಿದ್ದ ನಂತರ ಅಥವಾ 50 ಕೆ.ಜಿ. ಮೂಟೆ ಎತ್ತುವಾಗ "ಚಟ್" ಎಂದ ನಂತರ ಕೈ ಏಳದೇ ಹೋದರೆ, ನಾವು ಎತ್ತಿ ಬಿಟ್ಟರೆ ಧೊಪ್ಪೆಂದು ಬಿದ್ದರೆ, ಮೂಳೆತಜ್ಞರಿಗೆ ಆ ವಾರವೇ ತೋರಿಸಬೇಕು. ಹರಿದ ರಜ್ಜು ದಿನ ಕಳೆದಂತೆ ಹಿಂದಕ್ಕೆ ಎಳೆದುಕೊಂಡು, ಅದರ ಸ್ನಾಯುವಿನೊಳಗೆ ಕೊಬ್ಬು ತುಂಬುತ್ತದೆ. ತಡವಾದಷ್ಟೂ ಹೊಲಿಗೆ ಕಷ್ಟ. 40 ದಾಟಿದವರಲ್ಲಿ ಕೀಲು ತಪ್ಪಿ ಕೂರಿಸಿದ ಮೇಲೂ ಕೈ ಏಳದಿದ್ದರೆ ಕಫ್ ಹರಿದಿದೆಯೇ, ಆಕ್ಸಿಲರಿ ನರಕ್ಕೆ ಪೆಟ್ಟಾಗಿದೆಯೇ ಎರಡನ್ನೂ ನೋಡಿ.

ಇದಕ್ಕೆ ವಿರುದ್ಧವಾದ ತಪ್ಪೂ ನಡೆಯುತ್ತದೆ. 65 ವಯಸ್ಸಿನವರ ಎಂಆರ್‌ಐಯಲ್ಲಿ ರಜ್ಜು ಹರಿದದ್ದು ಕಂಡಿತೆಂದ ಮಾತ್ರಕ್ಕೆ ನೋವು ಅದರಿಂದಲೇ ಎಂದಲ್ಲ. ಆ ವಯಸ್ಸಿಗೆ ನೋವೇ ಇಲ್ಲದ ಭುಜಗಳಲ್ಲೂ ರಜ್ಜು ಹರಿದಿರುವುದು ಸಾಮಾನ್ಯ. ಪೆಟ್ಟಿಲ್ಲದೆ ನಿಧಾನವಾಗಿ ಹರಿದ ರಜ್ಜುವಿಗೆ ಮೊದಲು 12 ವಾರದ ವ್ಯಾಯಾಮವೇ ಸರಿ.

ಬಿಗಿದ ಭುಜ

1934ರಲ್ಲಿ ಬಾಸ್ಟನ್ನಿನ ಶಸ್ತ್ರವೈದ್ಯ ಅರ್ನೆಸ್ಟ್ ಕಾಡ್‌ಮನ್ ಫ್ರೋಜನ್ ಶೋಲ್ಡರ್ ಎಂದು ಹೆಸರಿಟ್ಟದ್ದು ಇದಕ್ಕೆ. ಕೀಲನ್ನು ಸುತ್ತಿರುವ ಚೀಲ (ಕ್ಯಾಪ್ಸೂಲ್) ಉರಿಯೂತಗೊಂಡು ದಪ್ಪಗಾಗಿ ಕುಗ್ಗುತ್ತದೆ, 20 ಮಿ.ಲೀ. ಮೇಲೆ ದ್ರವ ಹಿಡಿಯುತ್ತಿದ್ದ ಚೀಲ 10-12 ಮಿ.ಲೀ.ಗೆ ಇಳಿಯುತ್ತದೆ. 40ರಿಂದ 60 ವಯಸ್ಸು, ಹೆಂಗಸರಲ್ಲಿ ಹೆಚ್ಚು, ಸಕ್ಕರೆ ಕಾಯಿಲೆ ಮತ್ತು ಥೈರಾಯ್ಡ್ ತೊಂದರೆ ಇದ್ದವರಲ್ಲಿ ಇನ್ನೂ ಹೆಚ್ಚು. ಹಾಗಾಗಿ ಕೈ ಹೊರಕ್ಕೆ ತಿರುಗದ ಪ್ರತಿಯೊಬ್ಬರಿಗೂ ರಕ್ತದ ಸಕ್ಕರೆ ಪರೀಕ್ಷೆ ಬರೆಯಿಸಿ. ಭುಜ ತೋರಿಸಲು ಬಂದಾಗಲೇ ಸಕ್ಕರೆ ಕಾಯಿಲೆ ಗೊತ್ತಾಗುವುದೂ ಉಂಟು. ಎಕ್ಸ್-ರೇ ಮಾಮೂಲಾಗಿರಬೇಕು; ಇಲ್ಲದಿದ್ದರೆ ಕೀಲು ಸವೆತ ಅಥವಾ ಮೇಲೆ ಹೇಳಿದ ಹಿಂಬದಿಯ ತಪ್ಪುವಿಕೆ.

ನೋವಿನ ಹಂತ ಎರಡೂವರೆ ತಿಂಗಳಿನಿಂದ ಎಂಟು-ಒಂಬತ್ತು ತಿಂಗಳು, ಬಿಗಿತದ ಹಂತ 4ರಿಂದ 12 ತಿಂಗಳು, ಸಡಿಲವಾಗುವುದು 5ರಿಂದ 24 ತಿಂಗಳು. ಇದನ್ನು ಮೊದಲ ದಿನವೇ ಹೇಳಿಬಿಡಬೇಕು. ಹೇಳದಿದ್ದರೆ ಮಡಿಕೇರಿಯಿಂದ ಮೈಸೂರು, ಅಲ್ಲಿಂದ ಇನ್ನೊಂದೂರು ಎಂದು ಅಲೆದು ಪ್ರತಿ ಕಡೆಯೂ ಹೊಸದಾಗಿ ಎಳೆಸಿಕೊಳ್ಳುತ್ತಾರೆ.

ರಾತ್ರಿ ನಿದ್ದೆ ಕೆಡಿಸುವ ನೋವಿನ ಹಂತದಲ್ಲಿ ಬಲವಂತದ ಎಳೆತ ಸಲ್ಲದು, ಉರಿಯೂತ ಹೆಚ್ಚುತ್ತದೆ. ಮೇಜಿಗೆ ಒಳ್ಳೆಯ ಕೈ ಊರಿ ಬಾಗಿ, ನೋವಿನ ಕೈಯನ್ನು ಜೋತುಬಿಟ್ಟು ಒಂದೆರಡು ನಿಮಿಷ ಸಣ್ಣಗೆ ತೂಗುವುದು, 15 ನಿಮಿಷ ಬಿಸಿ ಶಾಖ, ಮಲಗುವಾಗ ರಟ್ಟೆಯ ಕೆಳಗೆ ದಿಂಬು. ಕೀಲಿನೊಳಗೆ ಸ್ಟಿರಾಯ್ಡ್ ಇಂಜೆಕ್ಷನ್ ಈ ಹಂತದಲ್ಲೇ ಹೆಚ್ಚು ಉಪಯೋಗ. ಸಕ್ಕರೆ ಕಾಯಿಲೆಯವರಿಗೆ ಕೆಲವು ದಿನ ಸಕ್ಕರೆ ಏರುತ್ತದೆಂದು ವೈದ್ಯರ ಜೊತೆ ಮಾತಾಡಿಸಿ. ಸಕ್ಕರೆಯಿಂದ ಚರ್ಮದ ಸ್ಪರ್ಶ ಕಡಿಮೆಯಾಗಿದ್ದರೆ ಬಿಸಿ ನೀರಿನ ಚೀಲ ಬೇಡ, ಸುಟ್ಟರೂ ತಿಳಿಯದು.

ನೋವು ತಗ್ಗಿ ಬಿಗಿತವೇ ಉಳಿದಾಗ ಎಳೆತ ಶುರು. ಮಲಗಿ ಎರಡೂ ಕೈಯಲ್ಲಿ ಮಡಿಸಿದ ಕೊಡೆ ಹಿಡಿದು, ಒಳ್ಳೆಯ ಕೈಯಿಂದ ನೋವಿನ ಕೈಯನ್ನು ಹೊರಕ್ಕೆ ದೂಡಬೇಕು. ಮೊಣಕೈ ಪಕ್ಕೆ ಬಿಡಬಾರದು. 30 ಸೆಕೆಂಡು, 5 ಸಲ, ದಿನಕ್ಕೆ ಮೂರು ಹೊತ್ತು, ಬಿಸಿ ನೀರಿನ ಸ್ನಾನದ ನಂತರವಾದರೆ ಉತ್ತಮ. ಎಲ್ಲರೂ ಮಾಡುವ ತಪ್ಪೆಂದರೆ ಹಗ್ಗ-ರಾಟೆಯಲ್ಲಿ ಕೈಯನ್ನು ಮೇಲಕ್ಕಷ್ಟೇ ಎಳೆಯುವುದು. ಹೊರಕ್ಕೆ ತಿರುಗದ ತೋಳೆಲುಬಿನ ತುದಿಯ ಉಬ್ಬು ಅಕ್ರೋಮಿಯನ್ನಿಗೆ ತಾಗಿ, ಬಿಗಿತದ ಮೇಲೆ ಕಫ್ ನೋವೂ ಸೇರುತ್ತದೆ. ಮೊದಲು ಹೊರತಿರುವು, ಆಮೇಲೆ ಎತ್ತರ.

ಉಳಿದವು

ಕಾಲರ್ ಮೂಳೆಯ ತುದಿಯ ಕೀಲು: ಒಂದೇ ಬೆರಳಿನಿಂದ ಭುಜದ ನೆತ್ತಿಯನ್ನು ತೋರಿಸುತ್ತಾರೆ. ಕೈಯನ್ನು ಎದೆಗೆ ಅಡ್ಡವಾಗಿ ಎಳೆದರೆ ನೋವು. ಏಪ್ರಿಲ್-ಮೇ ತಿಂಗಳ ಹಾಕಿ ಪಂದ್ಯಗಳಲ್ಲಿ ಭುಜದ ಮೇಲೆ ಬಿದ್ದವರಲ್ಲಿ, ಮೂಟೆಯನ್ನು ಹೆಗಲ ಮೇಲೆ ಹೊರುವವರಲ್ಲಿ ಕಾಣುತ್ತದೆ. ಮೆಟ್ಟಿಲಂತೆ ಮೂಳೆ ಎದ್ದಿದ್ದರೆ ಎಕ್ಸ್-ರೇ.

ಬೈಸೆಪ್ಸ್‌ನ ಉದ್ದ ರಜ್ಜು: ಭುಜದ ಮುಂದೆ ನೋವು. ಹರಿದರೆ ರಟ್ಟೆಯ ಕೆಳಭಾಗದಲ್ಲಿ ಉಂಡೆ ಏಳುತ್ತದೆ. ವಯಸ್ಸಾದವರಿಗೆ ಹೆಚ್ಚಾಗಿ ಶಸ್ತ್ರಚಿಕಿತ್ಸೆ ಬೇಕಾಗದು.

ರೆಕ್ಕೆಯಂತೆ ಏಳುವ ಹೆಗಲೆಲುಬು: ಸೆರಾಟಸ್‌ಗೆ ಹೋಗುವ ಲಾಂಗ್ ಥೊರಾಸಿಕ್ ನರ ಕುತ್ತಿಗೆಯ ಬದಿಯಿಂದ ಪಕ್ಕೆಯ ಮೇಲೆ ಉದ್ದಕ್ಕೂ ಇಳಿಯುತ್ತದೆ. ಹೆಗಲನ್ನು ಕೆಳಕ್ಕೆ ಜಗ್ಗುವ ಭಾರದ ಪಟ್ಟಿ ಅದನ್ನು ಹಿಗ್ಗಿಸುತ್ತದೆ. ತುಂಬಿದ 16 ಲೀಟರ್ ಸ್ಪ್ರೇಯರಿನ ನೀರೇ 16 ಕೆ.ಜಿ. ಗೋಡೆ ತಳ್ಳಿಸಿ ನೋಡಿದರೆ ಗೊತ್ತಾಗುತ್ತದೆ. ಚೇತರಿಕೆಗೆ ಆರು ತಿಂಗಳಿನಿಂದ ಎರಡು ವರ್ಷ ಬೇಕು, ಅಷ್ಟು ದಿನ ಆ ಹೆಗಲಿಗೆ ಪಟ್ಟಿ ಹಾಕಬಾರದು.

ಕೆಲಸದಲ್ಲಿ ಬದಲಿಸಬೇಕಾದದ್ದು

ಕೆಲಸ ಬಿಡಿ ಎಂಬ ಸಲಹೆ ದಿನಗೂಲಿಯವರಿಗೆ ನಡೆಯದು. ರೈಟರ್ (ತೋಟದ ಮೇಲ್ವಿಚಾರಕ) ಅಥವಾ ಮಾಲೀಕರಿಗೆ ಒಂದು ಚೀಟಿ ಬರೆದುಕೊಡಿ: ಆರು ವಾರ ಎದೆಮಟ್ಟಕ್ಕಿಂತ ಮೇಲಿನ ಕೆಲಸ ಬೇಡ, ಗಿಡದ ಕೆಳ ರೆಕ್ಕೆ, ಉದುರು ಹಣ್ಣು ಹೆಕ್ಕುವುದು, ನರ್ಸರಿ ಕೆಲಸ ಕೊಡಬಹುದು. ರೆಕ್ಕೆಯನ್ನು ಕೈಯಲ್ಲಿ ಹಿಡಿದಿರುವ ಬದಲು ಕೊಕ್ಕೆ ಕಟ್ಟಿದ ಹಗ್ಗದಿಂದ ಬಗ್ಗಿಸಿ ಸೊಂಟಕ್ಕೋ ಕಾಲಿಗೋ ಸಿಕ್ಕಿಸಿಕೊಂಡರೆ ಆ ಭುಜ ಉಳಿಯುತ್ತದೆ. ಮೆಣಸು ಕೊಯ್ಯುವಾಗ ಏಣಿಯನ್ನು ಬೇಗ ಬೇಗ ಸರಿಸಬೇಕು. ಕೈ ಚಾಚಿ ಇನ್ನೊಂದು ಗೊಂಚಲು ಎಟುಕಿಸಿಕೊಳ್ಳುವ ಆಸೆಯೇ ಭುಜಕ್ಕೂ ಬೀಳುವುದಕ್ಕೂ ಕಾರಣ. ಕೊಯ್ದ ಮೆಣಸಿನ ಚೀಲವನ್ನು ನೋವಿನ ಹೆಗಲಿಗೆ ತೂಗುಹಾಕದೆ ಸೊಂಟಕ್ಕೆ ಕಟ್ಟಿ. ಕಳೆ ಕೊಚ್ಚುವ ಯಂತ್ರದ ಬೆಲ್ಟನ್ನು, ಕೈ ಬಿಟ್ಟರೂ ಯಂತ್ರ ಸಮತೂಕದಲ್ಲಿ ನಿಲ್ಲುವಷ್ಟು ಸರಿಹೊಂದಿಸಿ. ಮೂಟೆಯನ್ನು ಇಬ್ಬರು ಎತ್ತಿ.

ಆರು ವಾರ ಕ್ರಮವಾಗಿ ಮಾಡಿಯೂ ಒಂದಿಷ್ಟೂ ಬದಲಾಗದಿದ್ದರೆ ಪರೀಕ್ಷೆಯನ್ನು ಕುತ್ತಿಗೆಯಿಂದಲೇ ಮತ್ತೆ ಶುರುಮಾಡಿ. ಮೂಳೆತಜ್ಞರಿಗೆ ಕಳಿಸುವುದಾದರೆ ಚೀಟಿಯಲ್ಲಿ ಬರೀ "ಭುಜ ನೋವು" ಎನ್ನಬೇಡಿ. ಎಂದಿನಿಂದ, ಪೆಟ್ಟಾಗಿತ್ತೇ, ಸ್ವಂತವಾಗಿ ಎಷ್ಟು ಡಿಗ್ರಿ ಏಳುತ್ತದೆ, ನಾವು ತಿರುಗಿಸಿದಾಗ ಹೊರತಿರುವು ಎರಡೂ ಬದಿಗೆ ಎಷ್ಟೆಷ್ಟು, ಯಾವ ಸ್ನಾಯುವಿನ ಬಲ ಕಡಿಮೆ, ಸ್ಪರ್ಶ ಹೇಗಿದೆ, ರಕ್ತದ ಸಕ್ಕರೆ ಎಷ್ಟು ಎಂಬಿಷ್ಟನ್ನು ಬರೆಯಿರಿ.